160 ಎಕರೆಯಿಂದ ಆರಂಭಿಸಿ: ಹತ್ತೊಂಬತ್ತನೆಯ ಶತಮಾನದ ಕೊನೆಯ ಅಮೆರಿಕದ ರೈತನನ್ನು ಓದುವ ಕ್ರಮ

1862ರಿಂದ 1900ರವರೆಗಿನ ಅಮೆರಿಕದ ಚರಿತ್ರೆಯನ್ನು ಪಠ್ಯಗಳು ಸಾಮಾನ್ಯವಾಗಿ ಮೂರು ಅಧ್ಯಾಯಗಳಾಗಿ ಒಡೆಯುತ್ತವೆ: ಪಶ್ಚಿಮದತ್ತ ವಿಸ್ತರಣೆ ಒಂದು, ವಲಸೆ ಇನ್ನೊಂದು, ರೈತ ಚಳವಳಿ ಮತ್ತೊಂದು. ಹೀಗೆ ಓದಿದವರಿಗೆ ಕಾಯ್ದೆಗಳ ಹೆಸರೂ ಇಸವಿಯೂ ನೆನಪಿನಲ್ಲಿ ಉಳಿಯುತ್ತವೆ. ಆದರೆ 1862ರ ಹೋಮ್‌ಸ್ಟೆಡ್ ಕಾಯ್ದೆಯಡಿ ಸರ್ಕಾರದಿಂದ 160 ಎಕರೆಯವರೆಗಿನ ಜಮೀನನ್ನು ಬಹುತೇಕ ಉಚಿತವಾಗಿ ಪಡೆದ ಜನವೇ ಮೂವತ್ತು ವರ್ಷಗಳ ಬಳಿಕ ಎರಡೂ ದೊಡ್ಡ ಪಕ್ಷಗಳನ್ನು ಧಿಕ್ಕರಿಸಿ ತಮ್ಮದೇ ಪಕ್ಷ ಕಟ್ಟಿದ್ದೇಕೆ ಎಂದು ಕೇಳಿದರೆ ಉತ್ತರ ತಡವರಿಸುತ್ತದೆ. ಈ ತೊಡಕನ್ನು ಬಿಡಿಸಿಕೊಳ್ಳಲು ಒಂದು ದಾರಿಯಿದೆ. ನಾಯಕರಿಂದಾಗಲಿ ಭಾಷಣಗಳಿಂದಾಗಲಿ ಆರಂಭಿಸದೆ, ಒಂದೇ ಒಂದು ಜಮೀನಿನ ತುಂಡನ್ನು ಹಿಡಿದು ಅದರ ಹಿಂದಿನ ಒಡೆತನ, ಅದನ್ನು ಪಡೆದವನ ಅರ್ಹತೆ, ಅದರ ಮೇಲಿನ ಸಾಲ ಮತ್ತು ಅದರಲ್ಲಿ ಬೆಳೆದ ಧಾನ್ಯ ಹೋದ ದಾರಿಯನ್ನು ಕ್ರಮವಾಗಿ ಹಿಂಬಾಲಿಸಬೇಕು. ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಸ್ವಂತ ಆಸಕ್ತಿಯಿಂದ ಓದುವವರಿಗೂ ಈ ಕ್ರಮ ಒದಗುತ್ತದೆ. ಬೇಕಾದ ದಾಖಲೆಗಳಲ್ಲಿ ಅನೇಕವು ಈಗ ಅಂತರ್ಜಾಲದಲ್ಲಿಯೇ ಸಿಗುತ್ತವೆ.

ಸ್ಥಳದ ಆಯ್ಕೆ

ಕಾನ್ಸಾಸ್, ನೆಬ್ರಾಸ್ಕಾ ಅಥವಾ ಡಕೋಟಾಗಳ ಒಂದು ಕೌಂಟಿಯನ್ನು (ರಾಜ್ಯದೊಳಗಿನ ಜಿಲ್ಲೆಯಂಥ ಆಡಳಿತ ಘಟಕ) ಆರಿಸಿಕೊಳ್ಳಿ. 98ನೆಯ ರೇಖಾಂಶದ ಆಸುಪಾಸಿನದಾದರೆ ಇನ್ನೂ ಅನುಕೂಲ. ಸರ್ಕಾರ ಹಂಚಿದ ನೆಲ, ರೈಲು ಕಂಪನಿ ಮಾರಿದ ನೆಲ, ಯೂರೋಪಿನಿಂದ ಬಂದ ಕುಟುಂಬಗಳು, ಮಳೆ ಕೈಕೊಟ್ಟ ವರ್ಷಗಳು, ಅಡಮಾನದ ಸಾಲ, ಕೊನೆಗೆ ಚಳವಳಿಯ ಮತಗಳು, ಇಷ್ಟೂ ಒಂದೆಡೆ ಹೆಣೆದುಕೊಂಡಿರುವುದು ಈ ಪ್ರದೇಶದಲ್ಲಿ. ದಕ್ಷಿಣದ ಹತ್ತಿಯ ನಾಡನ್ನು ಆರಿಸಿಕೊಳ್ಳುವವರು ಬೇರೆ ದಾಖಲೆಗಳನ್ನು ಹುಡುಕಬೇಕಾಗುತ್ತದೆ. ಅಲ್ಲಿ ರೈತನನ್ನು ಕಟ್ಟಿಹಾಕಿದ್ದು ಜಮೀನಿನ ಅಡಮಾನಕ್ಕಿಂತ ಹೆಚ್ಚಾಗಿ ಅಂಗಡಿಯವನಿಗೆ ಬೆಳೆಯನ್ನೇ ಮುಂಗಡವಾಗಿ ಬರೆದುಕೊಡುವ ಪದ್ಧತಿ. ಅದರ ಪತ್ರಗಳು ಸಿಗುವುದು ಕೌಂಟಿ ನ್ಯಾಯಾಲಯಗಳ ಕಡತಗಳಲ್ಲಿ.

ಜಮೀನಿನ ಸಂಖ್ಯೆಯನ್ನು ಓದುವುದು

1785ರ ಭೂ ಶಾಸನದ ನಂತರ ಅಮೆರಿಕ ಸರ್ಕಾರವು ತನ್ನ ವಶದಲ್ಲಿದ್ದ ಭೂಮಿಯನ್ನು ಚೌಕಗಳಾಗಿ ಅಳೆಯಿಸಿತು. ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕ ಒಂದು ಟೌನ್‌ಶಿಪ್. ಅದರೊಳಗೆ 36 ಸೆಕ್ಷನ್‌ಗಳು. ಒಂದೊಂದು ಸೆಕ್ಷನ್ 640 ಎಕರೆ. ಅದರ ಕಾಲು ಭಾಗವೇ ಹೋಮ್‌ಸ್ಟೆಡ್ ಕಾಯ್ದೆಯ ಪ್ರಸಿದ್ಧ 160 ಎಕರೆ. ಹಕ್ಕುಪತ್ರದಲ್ಲಿ ಜಮೀನನ್ನು ‘ಇಂಥ ಟೌನ್‌ಶಿಪ್ಪಿನ 12ನೆಯ ಸೆಕ್ಷನ್ನಿನ ಈಶಾನ್ಯ ಕಾಲುಭಾಗ’ ಎಂಬ ಧಾಟಿಯಲ್ಲಿ ಗುರುತಿಸಲಾಗುತ್ತದೆ. ಒಣ ಅಂಕಿಯೆಂದು ಇದನ್ನು ದಾಟಿ ಹೋಗಬೇಡಿ, ಏಕೆಂದರೆ ಆ ಜಮೀನಿನ ಅರ್ಧ ಚರಿತ್ರೆ ಈ ಸಂಖ್ಯೆಯಲ್ಲಿಯೇ ಇರುತ್ತದೆ. ರೈಲು ಕಂಪನಿಗಳಿಗೆ ಸರ್ಕಾರ ಕೊಟ್ಟ ಭೂದಾನದ ವಲಯದೊಳಗೆ ಸಾಮಾನ್ಯವಾಗಿ ಬೆಸ ಸಂಖ್ಯೆಯ ಸೆಕ್ಷನ್‌ಗಳು ಕಂಪನಿಗೆ ಹೋಗಿ, ಸಮ ಸಂಖ್ಯೆಯವು ಸರ್ಕಾರದಲ್ಲಿ ಉಳಿಯುತ್ತಿದ್ದವು. ಈ ರಾಜ್ಯಗಳಲ್ಲಿ 16 ಮತ್ತು 36ನೆಯ ಸೆಕ್ಷನ್‌ಗಳನ್ನು ಶಾಲೆಗಳ ಖರ್ಚಿಗೆಂದು ಮೀಸಲಿಡಲಾಗಿತ್ತು. ಆದ್ದರಿಂದ ರೈಲು ದಾರಿಯ ಸಮೀಪದ ಹಳ್ಳಿಯೊಂದರಲ್ಲಿ ಅಕ್ಕಪಕ್ಕದ ಇಬ್ಬರು ರೈತರ ಪೈಕಿ 12ನೆಯ ಸೆಕ್ಷನ್ನಿನವನು ಸರ್ಕಾರಕ್ಕೆ ಅರ್ಜಿ ಹಾಕಿ ನೆಲ ಪಡೆದಿದ್ದರೆ, 13ನೆಯ ಸೆಕ್ಷನ್ನಿನವನು ಕಂಪನಿಗೆ ಕಂತು ಕಟ್ಟಿ ಕೊಂಡಿರುವ ಸಂಭವ ಹೆಚ್ಚು. ದಾನದ ವಲಯದ ಸಮ ಸೆಕ್ಷನ್‌ಗಳಲ್ಲಿ ಕೂಡ 1879ರವರೆಗೆ ಸಾಮಾನ್ಯ ಅರ್ಜಿದಾರನಿಗೆ ಸಿಗುತ್ತಿದ್ದದ್ದು 160 ಎಕರೆಯಲ್ಲ, 80 ಎಕರೆ ಮಾತ್ರ. ‘ಉಚಿತ ಭೂಮಿ’ ಎಂಬ ಮಾತನ್ನು ಎಷ್ಟು ನಂಬಬಹುದು ಎಂಬುದಕ್ಕೆ ಇಲ್ಲಿಯೇ ಮೊದಲ ಉತ್ತರ ಸಿಗುತ್ತದೆ.

ಹಕ್ಕುಪತ್ರಗಳ ಪ್ರತಿಗಳನ್ನು ಅಮೆರಿಕದ ಭೂ ನಿರ್ವಹಣಾ ಇಲಾಖೆಯ ಜನರಲ್ ಲ್ಯಾಂಡ್ ಆಫೀಸ್ ಜಾಲತಾಣದಲ್ಲಿ ರಾಜ್ಯ, ಕೌಂಟಿ ಮತ್ತು ಹೆಸರಿನ ಮೂಲಕ ಹುಡುಕಬಹುದು. ಆದರೆ ಹಕ್ಕುಪತ್ರವು ಕೊನೆಯ ಹಾಳೆ ಮಾತ್ರ. ಅದರ ಹಿಂದಿನ ಪೂರ್ಣ ಕಡತವು ನ್ಯಾಷನಲ್ ಆರ್ಕೈವ್ಸ್‌ನಲ್ಲಿರುತ್ತದೆ. ಅರ್ಜಿ, ಇಬ್ಬರು ನೆರೆಯವರ ಸಾಕ್ಷಿ ಹೇಳಿಕೆ, ಕಟ್ಟಿದ ಮನೆಯ ವಿವರ, ಉತ್ತ ಎಕರೆಗಳ ಲೆಕ್ಕ, ವಲಸಿಗನಾಗಿದ್ದರೆ ಪೌರತ್ವದ ಕಾಗದ, ಇಷ್ಟೂ ಅದರಲ್ಲಿ ಸಿಗಬಹುದು. ಕಡತವು ‘ಹೋಮ್‌ಸ್ಟೆಡ್’ ಎಂಬ ಶೀರ್ಷಿಕೆಯಡಿ ಸಿಗದೆ ‘ನಗದು ಖರೀದಿ’ಯ ಅಡಿ ಸಿಕ್ಕಿದರೆ ಗಾಬರಿಯಾಗಬೇಕಿಲ್ಲ. ಐದು ವರ್ಷ ವಾಸಿಸಿ ಸಾಗುವಳಿ ಮಾಡಿ ಉಚಿತವಾಗಿ ಹಕ್ಕು ಪಡೆಯುವುದು ಕಾಯ್ದೆಯ ಮುಖ್ಯ ದಾರಿಯಾದರೂ, ಆರು ತಿಂಗಳ ನಂತರ ಎಕರೆಗೆ 1.25 ಡಾಲರ್ ಕಟ್ಟಿ ಬೇಗನೆ ಹಕ್ಕು ಪಡೆಯಲು ಅದೇ ಕಾಯ್ದೆ ಅವಕಾಶ ಕೊಟ್ಟಿತ್ತು. ಸಟ್ಟಾ ವ್ಯಾಪಾರಿಗಳು ಈ ಕಿಂಡಿಯಿಂದಲೇ ನುಗ್ಗಿದರು. ಬೇಗನೆ ಸಾಲ ಎತ್ತಬೇಕಿದ್ದ ನಿಜವಾದ ರೈತರೂ ಇದನ್ನು ಬಳಸಿದರು. ಎರಡನ್ನೂ ಒಂದೇ ಎಂದು ಎಣಿಸಬಾರದು.

ಆ ನೆಲ ಮೊದಲು ಯಾರದಾಗಿತ್ತು

ಈ ಹೆಜ್ಜೆಯನ್ನು ಬಿಟ್ಟರೆ ಮುಂದಿನ ಓದೆಲ್ಲ ವಾಲುತ್ತದೆ. ನೀವು ಆರಿಸಿದ ಕೌಂಟಿಯ ಭೂಮಿಯನ್ನು ಯಾವ ಮೂಲನಿವಾಸಿ ಜನಾಂಗ, ಯಾವ ವರ್ಷ, ಯಾವ ಒಪ್ಪಂದದಲ್ಲಿ ಬಿಟ್ಟುಕೊಟ್ಟಿತು, ಅಥವಾ ಅದರಿಂದ ಹೇಗೆ ಕಸಿಯಲಾಯಿತು ಎಂಬುದನ್ನು ಭೂ ಹಸ್ತಾಂತರದ ನಕ್ಷೆಗಳಿಂದ ಗುರುತಿಸಿಕೊಳ್ಳಿ. ಹಸ್ತಾಂತರದ ವರ್ಷವನ್ನೂ ಮೊದಲ ಹಕ್ಕುಪತ್ರಗಳ ವರ್ಷವನ್ನೂ ಪಕ್ಕಪಕ್ಕದಲ್ಲಿ ಬರೆದುಕೊಂಡರೆ ಅವುಗಳ ನಡುವಿನ ಅಂತರ ಎಷ್ಟು ಕಿರಿದು ಎಂಬುದು ಹಲವೆಡೆ ಬೆರಗು ಹುಟ್ಟಿಸುತ್ತದೆ. 1868ರ ಫೋರ್ಟ್ ಲಾರಮಿ ಒಪ್ಪಂದವು ಲಕೋಟಾ ಮತ್ತು ಇತರ ಸೂ ಜನರಿಗೆ ಮಿಸೌರಿ ನದಿಯ ಪಶ್ಚಿಮದ ವಿಶಾಲ ಪ್ರದೇಶವನ್ನು ಮೀಸಲಿಟ್ಟಿತ್ತು. ಆ ಪ್ರದೇಶದೊಳಗಿನ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳಲ್ಲಿ ಚಿನ್ನ ಕಂಡ ಮೇಲೆ 1876ರ ಯುದ್ಧ ನಡೆಯಿತು. 1889ರಲ್ಲಿ ಉಳಿದ ಮೀಸಲನ್ನೂ ತುಂಡುಗಳಾಗಿ ಒಡೆದು ಸುಮಾರು 90 ಲಕ್ಷ ಎಕರೆಯನ್ನು ಬಿಳಿಯ ಒಕ್ಕಲುಗಳಿಗೆ ತೆರೆಯಲಾಯಿತು. ಮರುವರ್ಷ, 1890ರ ಡಿಸೆಂಬರ್ 29ರಂದು, ಅಮೆರಿಕದ ಸೈನ್ಯ ಲಕೋಟಾ ಜನರನ್ನು ಕೊಂದ ವೂಂಡೆಡ್ ನೀ ಹತ್ಯಾಕಾಂಡ ನಡೆಯಿತು.

1887ರ ಡಾಸ್ ಕಾಯ್ದೆಯನ್ನು ಹೋಮ್‌ಸ್ಟೆಡ್ ಕಾಯ್ದೆಯ ಜೊತೆಗಿಟ್ಟು ಓದಿ. ಮೂಲನಿವಾಸಿಗಳ ಸಾಮೂಹಿಕ ಒಡೆತನವನ್ನು ಮುರಿದು ಕುಟುಂಬದ ಯಜಮಾನನಿಗೆ 160 ಎಕರೆಯಂತೆ ಹಂಚಿ, ‘ಹೆಚ್ಚುವರಿ’ ಎನಿಸಿದ್ದನ್ನು ಇತರರಿಗೆ ಮಾರುವ ವ್ಯವಸ್ಥೆ ಅದು. ಅಳತೆ ಅದೇ 160 ಎಕರೆ, ಪರಿಣಾಮ ಮಾತ್ರ ತಿರುವುಮುರುವು: 1887ರಲ್ಲಿ ಸುಮಾರು 13.8 ಕೋಟಿ ಎಕರೆ ಇದ್ದ ಮೂಲನಿವಾಸಿಗಳ ಭೂಮಿ 1934ರ ಹೊತ್ತಿಗೆ ಸುಮಾರು 4.8 ಕೋಟಿ ಎಕರೆಗೆ ಇಳಿಯಿತು.

ಅರ್ಜಿ ಹಾಕಲು ಯಾರಿಗೆ ಅರ್ಹತೆಯಿತ್ತು

ವಲಸೆಯ ಅಧ್ಯಾಯವನ್ನು ಭೂಮಿಯ ಅಧ್ಯಾಯಕ್ಕೆ ಜೋಡಿಸುವ ಕೊಂಡಿ ಕಾಯ್ದೆಯ ಒಂದು ಷರತ್ತಿನಲ್ಲಿದೆ. ಅರ್ಜಿದಾರನು ಕುಟುಂಬದ ಯಜಮಾನನಾಗಿರಬೇಕು ಅಥವಾ 21 ವರ್ಷ ತುಂಬಿರಬೇಕು; ಜೊತೆಗೆ ಅಮೆರಿಕದ ಪೌರನಾಗಿರಬೇಕು ಅಥವಾ ಪೌರನಾಗುವ ಇಚ್ಛೆಯನ್ನು ಅಧಿಕೃತವಾಗಿ ಘೋಷಿಸಿರಬೇಕು. ನಾರ್ವೆ, ಸ್ವೀಡನ್, ಜರ್ಮನಿ ಅಥವಾ ಬೊಹೆಮಿಯಾದಿಂದ ಹಡಗಿಳಿದವನು ಆ ಘೋಷಣೆ ಸಲ್ಲಿಸಿದರೆ ಸಾಕು, ಪೌರತ್ವ ಕೈಸೇರುವ ಮೊದಲೇ ನೆಲಕ್ಕೆ ಅರ್ಜಿ ಹಾಕಬಹುದಿತ್ತು. ಅವಿವಾಹಿತ ಮಹಿಳೆಯರೂ ವಿಧವೆಯರೂ ಸ್ವಂತ ಹೆಸರಿನಲ್ಲಿ ಅರ್ಜಿ ಹಾಕಿದ್ದಾರೆ, ಅವರ ಕಡತಗಳನ್ನು ಹುಡುಕುವುದು ಫಲಕಾರಿ. ಆದರೆ ಪೌರತ್ವ ಪಡೆಯುವ ಹಕ್ಕನ್ನು ಕಾನೂನು ಬಿಳಿಯರಿಗೂ, 1870ರ ನಂತರ ಆಫ್ರಿಕನ್ ಮೂಲದವರಿಗೂ ಮಾತ್ರ ಕೊಟ್ಟಿದ್ದರಿಂದ, ಸೆಂಟ್ರಲ್ ಪೆಸಿಫಿಕ್ ರೈಲು ದಾರಿಯನ್ನು ಸಿಯೆರಾ ನೆವಾಡಾ ಬೆಟ್ಟಗಳ ಮೂಲಕ ಕೊರೆದು ತಂದ ಸಾವಿರಾರು ಚೀನೀ ಕಾರ್ಮಿಕರಿಗೆ ಈ ಬಾಗಿಲು ಮುಚ್ಚಿತ್ತು. 1869ರ ಮೇ 10ರಂದು ಯೂಟಾದ ಪ್ರೊಮಾಂಟರಿಯಲ್ಲಿ ಪೂರ್ವದಿಂದಲೂ ಪಶ್ಚಿಮದಿಂದಲೂ ಬಂದ ಹಳಿಗಳು ಕೂಡಿದವು. 1882ರಲ್ಲಿ ಚೀನೀ ಕಾರ್ಮಿಕರ ಪ್ರವೇಶವನ್ನೇ ನಿಷೇಧಿಸುವ ಕಾಯ್ದೆ ಬಂತು. 1885ರಲ್ಲಿ ವಯೋಮಿಂಗ್‌ನ ರಾಕ್ ಸ್ಪ್ರಿಂಗ್ಸ್‌ನಲ್ಲಿ 28 ಚೀನೀ ಗಣಿ ಕಾರ್ಮಿಕರನ್ನು ಕೊಲ್ಲಲಾಯಿತು.

ವಲಸಿಗರನ್ನು ಪಶ್ಚಿಮಕ್ಕೆ ಸೆಳೆಯುವುದರಲ್ಲಿ ಸರ್ಕಾರಕ್ಕಿಂತ ರೈಲು ಕಂಪನಿಗಳ ಉತ್ಸಾಹವೇ ಹೆಚ್ಚಿತ್ತು. ತಮಗೆ ಸಿಕ್ಕ ಭೂಮಿಯನ್ನು ಮಾರಲು ಅವು ಯೂರೋಪಿನಲ್ಲಿ ಪ್ರತಿನಿಧಿಗಳನ್ನು ನೇಮಿಸಿ, ಹಲವು ಭಾಷೆಗಳಲ್ಲಿ ಕರಪತ್ರ ಹಂಚಿದವು. ರಷ್ಯಾದ ಸಾಮ್ರಾಜ್ಯದಿಂದ 1874ರಲ್ಲಿ ಕಾನ್ಸಾಸ್‌ಗೆ ಬಂದ ಜರ್ಮನ್ ಮಾತಿನ ಮೆನೊನೈಟ್ ಎಂಬ ಕ್ರೈಸ್ತ ಪಂಥದ ಸಮುದಾಯವು ತನ್ನೊಂದಿಗೆ ತಂದ ಟರ್ಕಿ ರೆಡ್ ಎಂಬ ಚಳಿಗಾಲದ ಗೋಧಿ ಆ ರಾಜ್ಯದ ಬೇಸಾಯವನ್ನೇ ಬದಲಿಸಿತು. ಹಾಗೆಂದು ವಲಸಿಗರೆಲ್ಲ ರೈತರಾದರೆಂದು ಭಾವಿಸಬೇಡಿ. 1880ರ ದಶಕದಲ್ಲಿ 52 ಲಕ್ಷಕ್ಕೂ ಹೆಚ್ಚು ಜನ ಬಂದರು, ಅವರಲ್ಲಿ ಹೆಚ್ಚಿನವರು ನಿಂತದ್ದು ನಗರಗಳಲ್ಲಿ ಮತ್ತು ಕೈಗಾರಿಕಾ ಪಟ್ಟಣಗಳಲ್ಲಿ.

ಒಳಗಿನ ವಲಸೆಯನ್ನೂ ಇಲ್ಲಿಯೇ ಗಮನಿಸಬೇಕು. 1879ರಲ್ಲಿ ದಕ್ಷಿಣದ ದಬ್ಬಾಳಿಕೆಯಿಂದ ತಪ್ಪಿಸಿಕೊಂಡು ಸಾವಿರಾರು ಕಪ್ಪು ಕುಟುಂಬಗಳು ಕಾನ್ಸಾಸ್‌ಗೆ ಬಂದವು. ಅದಕ್ಕೂ ಮೊದಲೇ, 1877ರಲ್ಲಿ, ಸ್ಥಾಪನೆಯಾಗಿದ್ದ ನಿಕೊಡೆಮಸ್ ಅಲ್ಲಿನ ಕಪ್ಪು ಒಕ್ಕಲುಗಳ ಪ್ರಸಿದ್ಧ ನೆಲೆಗಳಲ್ಲಿ ಒಂದು. ಕೌಂಟಿಯ ಜನರನ್ನು ಪತ್ತೆಹಚ್ಚಲು 1880 ಮತ್ತು 1900ರ ಜನಗಣತಿಗಳನ್ನು ನೋಡಿ. 1890ರದು 1921ರ ಬೆಂಕಿ ಅನಾಹುತದಲ್ಲಿ ಹಾನಿಗೊಂಡು ಬಹುಪಾಲು ಇಲ್ಲವಾಗಿದೆ. ಚಳವಳಿ ಹೊತ್ತಿಕೊಂಡ ವರ್ಷದ ಗಣತಿಯೇ ಇಲ್ಲದಿರುವುದು ದೊಡ್ಡ ನಷ್ಟ. ಕಾನ್ಸಾಸ್ ರಾಜ್ಯ 1885 ಮತ್ತು 1895ರಲ್ಲಿ ತಾನೇ ನಡೆಸಿದ ಗಣತಿಗಳು ಆ ಕಂದಕವನ್ನು ಸ್ವಲ್ಪಮಟ್ಟಿಗೆ ತುಂಬುತ್ತವೆ. ಆರಂಭಿಸುವವರಿಗೆ ಕಾನ್ಸಾಸ್ ಸುಲಭ ಎನ್ನಲು ಇದೂ ಒಂದು ಕಾರಣ.

ಮಳೆಯ ಗೆರೆ

ಸುಮಾರು 100ನೆಯ ರೇಖಾಂಶದಿಂದ ಪಶ್ಚಿಮಕ್ಕೆ ವರ್ಷದ ಮಳೆ 20 ಅಂಗುಲಕ್ಕಿಂತ ಕಡಿಮೆ. ಆ ಒಣ ನೆಲದಲ್ಲಿ 160 ಎಕರೆಯ ಬೇಸಾಯ ನಡೆಯದು, ಹುಲ್ಲುಗಾವಲಿನ ಘಟಕಕ್ಕೆ 2,560 ಎಕರೆಯಾದರೂ ಬೇಕು ಎಂದು ಪಶ್ಚಿಮದ ಸರ್ವೇಕ್ಷಣೆ ನಡೆಸಿದ್ದ ಭೂವಿಜ್ಞಾನಿ ಜಾನ್ ವೆಸ್ಲಿ ಪವೆಲ್ 1878ರಲ್ಲಿಯೇ ಸರ್ಕಾರಕ್ಕೆ ವರದಿ ಸಲ್ಲಿಸಿದ್ದರು. ನೇಗಿಲು ಹೋದಲ್ಲಿಗೆ ಮಳೆ ಬರುತ್ತದೆ ಎಂಬ ಪ್ರಚಾರದ ಎದುರು ಆ ವರದಿ ನಿಲ್ಲಲಿಲ್ಲ. 1880ರ ದಶಕದ ಮೊದಲ ಭಾಗದ ಒಳ್ಳೆಯ ಮಳೆ ಪ್ರಚಾರಕ್ಕೆ ಪುಷ್ಟಿ ಕೊಟ್ಟಿತು. 1887ರಿಂದ ಬರ ಆರಂಭವಾಯಿತು. ನಿಮ್ಮ ಜಮೀನಿಗೆ ಹಕ್ಕುಪತ್ರ ಸಿಕ್ಕ ವರ್ಷ ಈ ತಿರುವಿನ ಯಾವ ಬದಿಯಲ್ಲಿದೆ ಎಂದು ನೋಡಿಟ್ಟುಕೊಳ್ಳಿ.

ಸಾಲವನ್ನು ಬುಷೆಲ್‌ಗಳಲ್ಲಿ ಅಳೆಯುವುದು

ಇಡೀ ಕ್ರಮದಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಈ ಹೆಜ್ಜೆಗೆ. ಹಕ್ಕುಪತ್ರ ಬರುವ ಮೊದಲಿನ ಸಾಲಕ್ಕೆ ಹೋಮ್‌ಸ್ಟೆಡ್ ಜಮೀನನ್ನು ಹೊಣೆ ಮಾಡುವಂತಿಲ್ಲ ಎಂದು ಕಾಯ್ದೆ ಹೇಳುತ್ತಿತ್ತು. ಹೀಗಾಗಿ ಮೊದಲ ವರ್ಷಗಳಲ್ಲಿ ರೈತ ಎತ್ತು, ಕುದುರೆ, ಯಂತ್ರಗಳನ್ನು ಒತ್ತೆಯಿಟ್ಟು ಹೆಚ್ಚಿನ ಬಡ್ಡಿಗೆ ಸಾಲ ತಂದನು. ಹಕ್ಕುಪತ್ರ ಸಿಕ್ಕ ಕೂಡಲೇ ಜಮೀನನ್ನು ಅಡಮಾನವಿಟ್ಟನು. 1880ರ ದಶಕದಲ್ಲಿ ಪೂರ್ವ ರಾಜ್ಯಗಳ ಉಳಿತಾಯದ ಹಣ ಅಡಮಾನ ಕಂಪನಿಗಳ ಮೂಲಕ ಕಾನ್ಸಾಸ್, ನೆಬ್ರಾಸ್ಕಾಗಳಿಗೆ ಹರಿದು ಬಂತು. ಕೌಂಟಿಯ ನೋಂದಣಿ ಪುಸ್ತಕಗಳಲ್ಲಿ ಹಕ್ಕುಪತ್ರದ ದಿನಾಂಕವನ್ನೂ ಮೊದಲ ಅಡಮಾನದ ದಿನಾಂಕವನ್ನೂ ಹೋಲಿಸಿ ನೋಡಿ. ನಡುವೆ ಕೆಲವೇ ವಾರಗಳಿದ್ದರೆ, ಆ ರೈತ ಸಾಲಕ್ಕಾಗಿಯೇ ಹಕ್ಕಿಗೆ ಕಾದಿದ್ದನೆಂದು ಊಹಿಸಬಹುದು.

ಆಮೇಲೆ ಸಾಲವನ್ನು ಡಾಲರಿನಿಂದ ಗೋಧಿಗೆ ಪರಿವರ್ತಿಸಿ. ಅಭ್ಯಾಸಕ್ಕೆಂದು 800 ಡಾಲರ್ ಅಸಲು, ನೂರಕ್ಕೆ 10ರ ಬಡ್ಡಿ ಎಂದಿಟ್ಟುಕೊಳ್ಳೋಣ. ಗೋಧಿ ಬುಷೆಲ್‌ಗೆ (ಧಾನ್ಯದ ಒಂದು ಅಳತೆ) ಒಂದು ಡಾಲರ್ ಇದ್ದಾಗ ವರ್ಷದ ಬಡ್ಡಿಗೆ 80 ಬುಷೆಲ್, ಅಸಲಿಗೆ 800 ಬುಷೆಲ್ ಸಾಕು. ಬೆಲೆ 50 ಸೆಂಟಿಗೆ ಇಳಿದರೆ ಬಡ್ಡಿಗೆ 160, ಅಸಲಿಗೆ 1,600 ಬುಷೆಲ್ ಬೇಕು. ಪತ್ರದಲ್ಲಿನ ಅಂಕಿ ಬದಲಾಗಿಲ್ಲ, ರೈತನ ಬೆವರಿನ ಲೆಕ್ಕದಲ್ಲಿ ಸಾಲ ಇಮ್ಮಡಿಯಾಗಿದೆ. ನಿಜ ಚರಿತ್ರೆಯೂ ಇದಕ್ಕೆ ದೂರವಿಲ್ಲ: 1870ರ ದಶಕದ ಆರಂಭದಲ್ಲಿ ಡಾಲರಿಗಿಂತ ತುಸು ಮೇಲಿದ್ದ ಗೋಧಿಯ ಸರಾಸರಿ ಬೆಲೆ 1890ರ ದಶಕದ ನಡುವಿಗೆ 60 ಸೆಂಟಿನ ಆಸುಪಾಸಿಗೆ ಬಂತು, ಪೌಂಡಿಗೆ ಸುಮಾರು 15 ಸೆಂಟ್ ಇದ್ದ ಹತ್ತಿ 6 ಸೆಂಟಿನ ಹತ್ತಿರಕ್ಕೆ ಕುಸಿಯಿತು.

ಬೆಲೆ ಇಳಿದದ್ದೇಕೆ ಎಂಬಲ್ಲಿ ಎಚ್ಚರ ಬೇಕು. ಚಲಾವಣೆಯ ಹಣ ಜನಸಂಖ್ಯೆಗೂ ವ್ಯಾಪಾರಕ್ಕೂ ಸಾಲದಷ್ಟು ಬಿಗಿಯಾಗಿದೆ ಎಂದು ರೈತರು ಹೇಳಿದರು. 1873ರ ನಾಣ್ಯ ಕಾಯ್ದೆ ಬೆಳ್ಳಿಯ ಡಾಲರನ್ನು ಕೈಬಿಟ್ಟದ್ದು, 1879ರಿಂದ ಕಾಗದದ ಹಣಕ್ಕೆ ಚಿನ್ನ ಕೊಡುವ ಪದ್ಧತಿ ಮರಳಿದ್ದು ಈ ವಾದಕ್ಕೆ ಬಲ ಕೊಡುತ್ತವೆ. ಆದರೆ ಅದೇ ಕಾಲದಲ್ಲಿ ಉತ್ತ ನೆಲವೂ ಯಂತ್ರಗಳೂ ಹೆಚ್ಚಿದವು. ಲಿವರ್‌ಪೂಲ್ ಮಾರುಕಟ್ಟೆಗೆ ರಷ್ಯಾ, ಭಾರತ, ಅರ್ಜೆಂಟೀನಾಗಳ ಗೋಧಿಯೂ ಬಂದು ಬೀಳುತ್ತಿತ್ತು. ಇವುಗಳಲ್ಲಿ ಯಾವುದೋ ಒಂದನ್ನೇ ಕಾರಣವೆಂದು ತೀರ್ಮಾನಿಸುವ ಪ್ರಬಂಧವನ್ನು ನಾನಂತೂ ಒಪ್ಪಲಾರೆ.

ರೈಲು ದರದ ವಿಷಯವೂ ಹೀಗೆಯೇ. ದೇಶದ ಸರಾಸರಿ ಸಾಗಣೆ ದರ ಈ ದಶಕಗಳಲ್ಲಿ ಇಳಿಯುತ್ತಲೇ ಬಂತು ಎಂಬ ಅಂಕಿಯನ್ನು ತೋರಿಸಿ ರೈತರ ದೂರು ಪೊಳ್ಳು ಎನ್ನುವವರಿದ್ದಾರೆ. ರೈತನಿಗೆ ಮುಖ್ಯವಾದದ್ದು ಸರಾಸರಿಯಲ್ಲ, ತನ್ನ ನಿಲ್ದಾಣದ ದರ. ಹಲವು ಕಂಪನಿಗಳು ಪೈಪೋಟಿ ನಡೆಸುತ್ತಿದ್ದ ಶಿಕಾಗೋ–ನ್ಯೂಯಾರ್ಕ್ ನಡುವೆ ದರ ಅಗ್ಗ. ಒಂದೇ ಕಂಪನಿಯ ಹಳಿಯಿದ್ದ ಹಳ್ಳಿಯಿಂದ ಅದಕ್ಕಿಂತ ಕಡಿಮೆ ದೂರಕ್ಕೂ ಹೆಚ್ಚು ತೆರಬೇಕಾಗಬಹುದಿತ್ತು. ನಿಲ್ದಾಣದ ಪಕ್ಕದ ಧಾನ್ಯದ ಉಗ್ರಾಣವೂ ಒಂದೇ ಆಗಿದ್ದರೆ, ಗೋಧಿಯ ದರ್ಜೆಯನ್ನು ನಿರ್ಧರಿಸುವವನು ಅದರ ಮಾಲೀಕನೇ. ಸ್ಥಳೀಯ ಪತ್ರಿಕೆಗಳಲ್ಲಿ ಊರಿನ ಗೋಧಿ ಬೆಲೆಯೂ ಶಿಕಾಗೋ ಬೆಲೆಯೂ ಅಚ್ಚಾಗುತ್ತಿದ್ದವು. ಲೈಬ್ರರಿ ಆಫ್ ಕಾಂಗ್ರೆಸ್‌ನ ಹಳೆಯ ಪತ್ರಿಕೆಗಳ ಸಂಗ್ರಹದಲ್ಲಿ ಎರಡನ್ನೂ ಹುಡುಕಿ, ವ್ಯತ್ಯಾಸವನ್ನು ಕೆಲವು ವರ್ಷಗಳವರೆಗೆ ಬರೆದುಕೊಂಡು ಹೋಗಿ.

ಬೇಡಿಕೆಗಳನ್ನು ಲೆಕ್ಕದ ಎದುರಿಟ್ಟು ಓದುವುದು

ಈಗ ಚಳವಳಿಯ ದಾಖಲೆಗಳನ್ನು ತೆರೆಯಬಹುದು. 1867ರಲ್ಲಿ ಆಲಿವರ್ ಹಡ್ಸನ್ ಕೆಲ್ಲಿ ಮತ್ತು ಸಂಗಡಿಗರು ಸ್ಥಾಪಿಸಿದ ಗ್ರೇಂಜ್ ಎಂಬ ರೈತ ಸಂಘಟನೆ ಉಗ್ರಾಣ ಮತ್ತು ರೈಲು ದರವನ್ನು ಗುರಿಯಾಗಿಸಿತು. ಇಲಿನಾಯ್, ಅಯೋವಾ, ಮಿನೆಸೋಟಾ, ವಿಸ್ಕಾನ್ಸಿನ್ ರಾಜ್ಯಗಳು ದರ ನಿಯಂತ್ರಣದ ಕಾನೂನು ಮಾಡಿದವು. ಮನ್ ಪ್ರಕರಣದಲ್ಲಿ 1877ರಲ್ಲಿ ಸುಪ್ರೀಂ ಕೋರ್ಟ್ ಅಂಥ ಕಾನೂನನ್ನು ಎತ್ತಿಹಿಡಿಯಿತು. 1886ರ ವಾಬಾಶ್ ತೀರ್ಪು ರಾಜ್ಯಗಳ ಗಡಿ ದಾಟುವ ಸಾಗಣೆಯನ್ನು ರಾಜ್ಯಗಳ ಕೈಯಿಂದ ತೆಗೆಯಿತು. ಅದರ ಬೆನ್ನಿಗೆ 1887ರಲ್ಲಿ ಅಂತರರಾಜ್ಯ ವಾಣಿಜ್ಯ ಕಾಯ್ದೆ ಬಂತು.

ಟೆಕ್ಸಾಸ್‌ನ ಲ್ಯಾಂಪಾಸಸ್ ಕೌಂಟಿಯಲ್ಲಿ 1877ರ ಸುಮಾರಿಗೆ ಹುಟ್ಟಿದ ಫಾರ್ಮರ್ಸ್ ಅಲೈಯನ್ಸ್ ಸಾಲದ ಮೂಲಕ್ಕೇ ಕೈಹಾಕಿತು. ಚಾರ್ಲ್ಸ್ ಮಕ್ಯೂನ್ ನಾಯಕತ್ವದಲ್ಲಿ ಡಲ್ಲಾಸ್‌ನಲ್ಲಿ ತೆರೆದ ಸಹಕಾರಿ ವಿನಿಮಯ ಕೇಂದ್ರಕ್ಕೆ ಬ್ಯಾಂಕುಗಳು ಸಾಲ ಕೊಡದೆ ಅದು ಮುಚ್ಚಿಹೋದ ಮೇಲೆ, 1889ರಲ್ಲಿ ಉಪಖಜಾನೆ ಯೋಜನೆ ಮುಂದೆ ಬಂತು. ಸರ್ಕಾರವೇ ಗೋದಾಮು ಕಟ್ಟಬೇಕು. ಅಲ್ಲಿಟ್ಟ ಬೆಳೆಯ ಮಾರುಕಟ್ಟೆ ಮೌಲ್ಯದ ಶೇಕಡ 80ರಷ್ಟನ್ನು ಶೇಕಡ 1ರ ಬಡ್ಡಿಗೆ ಸಾಲ ಕೊಡಬೇಕು. ರೈತ ಬೆಲೆ ಏರುವವರೆಗೆ ಕಾಯಬಹುದು ಎಂಬುದು ಅದರ ತಿರುಳು. ಸುಗ್ಗಿಯಲ್ಲಿ ಎಲ್ಲರೂ ಒಮ್ಮೆಗೇ ಮಾರಲು ಹೋಗಿ ಬೆಲೆ ಬೀಳುವುದನ್ನೂ ಚಲಾವಣೆಯ ಹಣದ ಬಿಗಿಯನ್ನೂ ಒಟ್ಟಿಗೆ ನೀಗುವ ಈ ಯೋಜನೆ ಇಡೀ ಚಳವಳಿಯ ಅತ್ಯಂತ ಜಾಣ ಕಲ್ಪನೆಯೆಂದು ನನ್ನ ಅಭಿಪ್ರಾಯ. ಪಠ್ಯಗಳು ಬೆಳ್ಳಿ ನಾಣ್ಯದ ಬೇಡಿಕೆಯ ಗದ್ದಲದಲ್ಲಿ ಇದನ್ನು ಒಂದು ಸಾಲಿಗೆ ಇಳಿಸಿಬಿಡುತ್ತವೆ.

1892ರ ಜುಲೈ 4ರಂದು ಈ ರೈತರು ಕಟ್ಟಿದ ಪೀಪಲ್ಸ್ ಪಾರ್ಟಿ ಒಮಾಹಾದಲ್ಲಿ ಅಂಗೀಕರಿಸಿದ ಪ್ರಣಾಳಿಕೆಯನ್ನು ನಿಮ್ಮ ಟಿಪ್ಪಣಿಯ ಪಕ್ಕದಲ್ಲಿಟ್ಟು, ಪ್ರತಿಯೊಂದು ಬೇಡಿಕೆಯೂ ಲೆಕ್ಕದ ಯಾವ ಸಾಲಿಗೆ ಉತ್ತರ ಎಂದು ಗುರುತು ಹಾಕುತ್ತ ಹೋಗಿ. ರೈಲು ಮತ್ತು ತಂತಿಯ ರಾಷ್ಟ್ರೀಕರಣ ನಿಲ್ದಾಣದ ದರಕ್ಕೆ; ಹದಿನಾರು ಪಾಲು ಬೆಳ್ಳಿಗೆ ಒಂದು ಪಾಲು ಚಿನ್ನದ ಅನುಪಾತದಲ್ಲಿ ಬೆಳ್ಳಿಯ ಮುಕ್ತ ಟಂಕಣ ಮತ್ತು ತಲೆಗೆ ಕನಿಷ್ಠ 50 ಡಾಲರ್ ಚಲಾವಣೆ ಸಾಲದ ಭಾರಕ್ಕೆ; ಕಂಪನಿಗಳ ಹೆಚ್ಚುವರಿ ಭೂಮಿಯನ್ನು ಮರಳಿ ಪಡೆಯಬೇಕೆಂಬುದು ಆ ಬೆಸ ಸಂಖ್ಯೆಯ ಸೆಕ್ಷನ್‌ಗಳಿಗೆ. ಅದೇ ಸಮಾವೇಶದ ಪೂರಕ ನಿರ್ಣಯಗಳನ್ನೂ ತಪ್ಪದೆ ಓದಿ, ಏಕೆಂದರೆ ಅವುಗಳಲ್ಲಿ ಅನಪೇಕ್ಷಿತ ವಲಸೆಯನ್ನು ಇನ್ನಷ್ಟು ನಿರ್ಬಂಧಿಸಬೇಕೆಂಬ ಬೇಡಿಕೆಯೂ ಇದೆ. ವಲಸಿಗರ ನೆರವಿನಿಂದ ಬೆಳೆದ ರಾಜ್ಯಗಳ ಪಕ್ಷ ಈ ಮಾತನ್ನಾಡಿತು ಎಂಬ ವಿರೋಧಾಭಾಸವನ್ನು ಮುಚ್ಚಿಡಬೇಕಿಲ್ಲ. ಆದರೆ ಭಾಷಣಗಳ ಉಲ್ಲೇಖದಲ್ಲಿ ಜಾಗ್ರತೆಯಿರಲಿ: ಮೆಕ್ಕೆಜೋಳ ಕಡಿಮೆ ಬೆಳೆಯಿರಿ, ರಂಪ ಹೆಚ್ಚು ಮಾಡಿ ಎಂಬರ್ಥದ ಪ್ರಸಿದ್ಧ ಮಾತನ್ನು ಕಾನ್ಸಾಸ್‌ನ ಮೇರಿ ಎಲಿಜಬೆತ್ ಲೀಸ್ ಆಡಿದರೆಂಬುದಕ್ಕೆ ಗಟ್ಟಿ ಆಧಾರವಿಲ್ಲ.

ಮತಗಳನ್ನು ನೋಡುವಾಗ

1892ರಲ್ಲಿ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಜೇಮ್ಸ್ ವೀವರ್ 10 ಲಕ್ಷಕ್ಕೂ ಹೆಚ್ಚು ಮತಗಳನ್ನೂ 22 ಚುನಾಯಕ (ಎಲೆಕ್ಟೋರಲ್) ಮತಗಳನ್ನೂ ಪಡೆದರು. ಕೌಂಟಿವಾರು ಅಂಕಿಗಳನ್ನು ಬೆಳೆಯ ನಕ್ಷೆಯೊಂದಿಗೆ ಹೋಲಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಗ್ರೇಂಜ್ ಬಲವಾಗಿದ್ದ ಅಯೋವಾ, ಇಲಿನಾಯ್, ವಿಸ್ಕಾನ್ಸಿನ್‌ಗಳಲ್ಲಿ ಹೊಸ ಪಕ್ಷ ಬೇರೂರಲಿಲ್ಲ. ಅಷ್ಟರಲ್ಲಿ ಅಲ್ಲಿನ ರೈತ ಹೈನುಗಾರಿಕೆ, ಹಂದಿ ಸಾಕಣೆ, ಮೆಕ್ಕೆಜೋಳಗಳ ಮಿಶ್ರ ಬೇಸಾಯಕ್ಕೆ ಹೊರಳಿದ್ದನು. ಹತ್ತಿರದ ನಗರಗಳು ಅವನ ಸರಕನ್ನು ಕೊಳ್ಳುತ್ತಿದ್ದವು. ಪಕ್ಷ ಬೆಳೆದದ್ದು ಒಂದೇ ಬೆಳೆಯನ್ನು ನಂಬಿದ ಗೋಧಿ ಮತ್ತು ಹತ್ತಿಯ ಪ್ರದೇಶಗಳಲ್ಲಿ, ಹಾಗೂ ಬೆಳ್ಳಿಯ ಗಣಿಗಳ ರಾಜ್ಯಗಳಲ್ಲಿ. ಕಾನ್ಸಾಸ್‌ನಂಥ ಕಡೆ ಡೆಮಾಕ್ರಟರು ಸ್ವಂತ ಚುನಾಯಕರನ್ನು ನಿಲ್ಲಿಸದೆ ವೀವರ್ ಅವರನ್ನು ಬೆಂಬಲಿಸಿದ್ದರಿಂದ ಅಲ್ಲಿನ ಮತವೆಲ್ಲ ರೈತ ಪಕ್ಷದ್ದೇ ಎಂದು ಲೆಕ್ಕ ಹಿಡಿಯಬಾರದು.

ದಕ್ಷಿಣದ ಅಂಕಿಗಳಿಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು, ಏಕೆಂದರೆ ಅಲ್ಲಿ ಮತಪೆಟ್ಟಿಗೆಯ ಮೋಸವೂ ಕಪ್ಪು ಮತದಾರರ ಮೇಲಿನ ಹಿಂಸೆಯೂ ಫಲಿತಾಂಶವನ್ನು ತಿರುಚಿದ್ದವು. ಕಪ್ಪು ರೈತರು 1886ರಲ್ಲಿ ಟೆಕ್ಸಾಸ್‌ನಲ್ಲಿ ತಮ್ಮದೇ ಪ್ರತ್ಯೇಕ ಅಲೈಯನ್ಸ್ ಕಟ್ಟಿದ್ದರು, ಬಿಳಿಯರ ಅಲೈಯನ್ಸ್ ಅವರನ್ನು ಸದಸ್ಯರಾಗಿ ಸೇರಿಸಿಕೊಳ್ಳುತ್ತಿರಲಿಲ್ಲ. ನಾರ್ತ್ ಕ್ಯಾರೊಲೈನಾದಲ್ಲಿ ಪೀಪಲ್ಸ್ ಪಾರ್ಟಿಯೂ ರಿಪಬ್ಲಿಕನ್ನರೂ ಕೂಡಿ 1894 ಮತ್ತು 1896ರಲ್ಲಿ ಗೆದ್ದರು. 1898ರ ನವೆಂಬರ್‌ನಲ್ಲಿ ವಿಲ್ಮಿಂಗ್ಟನ್ ನಗರದ ಚುನಾಯಿತ ಆಡಳಿತವನ್ನು ಸಶಸ್ತ್ರ ಗುಂಪು ಕೆಡವಿ ಕಪ್ಪು ನಾಗರಿಕರನ್ನು ಕೊಂದಿತು.

1896ರಲ್ಲಿ ಡೆಮಾಕ್ರಟರು ಬೆಳ್ಳಿಯ ಬೇಡಿಕೆಯನ್ನು ಮುಖ್ಯವಾಗಿ ಎತ್ತಿಕೊಂಡು ವಿಲಿಯಂ ಜೆನಿಂಗ್ಸ್ ಬ್ರಯಾನ್ ಅವರನ್ನು ನಿಲ್ಲಿಸಿದರು. ಪೀಪಲ್ಸ್ ಪಾರ್ಟಿಯೂ ಅವರನ್ನೇ ಒಪ್ಪಿತು. ರಿಪಬ್ಲಿಕನ್ ಪಕ್ಷದ ಮೆಕಿನ್ಲಿ 271–176 ಚುನಾಯಕ ಮತಗಳಿಂದ ಗೆದ್ದರು. ಬಳಿಕ ಹೊಸ ಗಣಿಗಳ ಚಿನ್ನ ಮಾರುಕಟ್ಟೆಗೆ ಹರಿದು ಬೆಲೆಗಳು ಚೇತರಿಸಿಕೊಂಡವು. ಪಕ್ಷ ಕರಗಿದರೂ ಬೇಡಿಕೆಗಳನ್ನು ಹಿಂಬಾಲಿಸುವುದನ್ನು ನಿಲ್ಲಿಸಬೇಡಿ: ಆದಾಯ ತೆರಿಗೆಯೂ ಸೆನೆಟರುಗಳ ನೇರ ಚುನಾವಣೆಯೂ 1913ರಲ್ಲಿ ಸಂವಿಧಾನವನ್ನು ಸೇರಿದವು. ಹೋಮ್‌ಸ್ಟೆಡ್ ಹಂಚಿಕೆಯೂ 1900ಕ್ಕೆ ಮುಗಿಯಲಿಲ್ಲ, ಹೆಚ್ಚಿನ ಭೂಮಿ ಹಂಚಿಹೋದದ್ದು ಅದರ ನಂತರವೇ. ನೀವು ಆರಿಸಿದ ಕೌಂಟಿ ಮೊಂಟಾನಾ ಅಥವಾ ಪಶ್ಚಿಮ ಡಕೋಟಾದಲ್ಲಿದ್ದರೆ, 320 ಎಕರೆಗೆ ಅವಕಾಶ ಕೊಟ್ಟ 1909ರ ಕಾಯ್ದೆಯಿಂದ ಓದು ಆರಂಭಿಸಿ, 1915ರಲ್ಲಿ ನಾರ್ತ್ ಡಕೋಟಾದಲ್ಲಿ ಹುಟ್ಟಿದ ನಾನ್‌ಪಾರ್ಟಿಸನ್ ಲೀಗ್ ಎಂಬ ರೈತ ಸಂಘಟನೆಯವರೆಗೆ ಸಾಗಬೇಕು. ಆ ಲೀಗಿನ ಒತ್ತಾಯದಿಂದ ಸ್ಥಾಪನೆಯಾದ ರಾಜ್ಯ ಸರ್ಕಾರದ ಬ್ಯಾಂಕೂ ಹಿಟ್ಟಿನ ಗಿರಣಿಯೂ ಇಂದಿಗೂ ನಡೆಯುತ್ತಿರುವುದರಿಂದ, ಅವುಗಳ ದಾಖಲೆಗಳು ಇನ್ನೊಂದು ಸುತ್ತಿನ ಲೆಕ್ಕಕ್ಕೆ ಒದಗುತ್ತವೆ.